ಎಣ್ಣೆ ಹಚ್ಚಿದ ಸ್ಪಂಜು

ಮೂರನೆಯ ಸಲ ಹಿಂಡಿದಾಗಲೂ ಸ್ಪಂಜಿನಿಂದ ಕೆಂಪು ನೀರೇ ಸುರಿಯಿತು. ಮೆಲಿನ್ನಾಗೆ ಮೈಯೆಲ್ಲ ಉರಿದುಹೋಯಿತು. ಅಥೆನ್ಸಿನ ಪೇಟೆಯಲ್ಲಿ ಹನ್ನೆರಡು ವರ್ಷದಿಂದ ವೈನಿಗೆ ನೀರು ಬೆರೆಸಿ ಮಾರಿದವಳು ಅವಳು. ಬೆರೆಸುವುದು ಕಣ್ಣು ಮುಚ್ಚಿಕೊಂಡು ಬರುತ್ತಿತ್ತು, ಬೇರೆ ಮಾಡುವುದು ಮಾತ್ರ ಏನು ಮಾಡಿದರೂ ಆಗುತ್ತಿರಲಿಲ್ಲ.

ಅವಳ ತಲೆಗೆ ಈ ಹುಳ ಬಿಟ್ಟವರು ಎದುರಿನ, ಗೋಡೆತುಂಬ ಚಿತ್ರವಿರುವ ಚಾವಡಿಯಲ್ಲಿ ತತ್ವದ ಪಾಠ ಹೇಳುವ ಎಪಿಗೆನಿಸ್ ಮೇಷ್ಟ್ರು. ಒಂದು ಹನಿ ವೈನು ಬಿದ್ದರೆ ಇಡೀ ಕಡಲಿಗೆ ಹರಡುತ್ತದಂತೆ. ಒಂದರೊಳಗೊಂದು ಪೂರ್ತಿ ಹೊಕ್ಕರೂ ಎರಡೂ ತಂತಮ್ಮ ಗುಣ ಬಿಡುವುದಿಲ್ಲವಂತೆ. ಜೀವವೂ ಮೈಯಲ್ಲಿ ಹಾಗೇ ಬೆರೆತ ಬಿಸಿಯುಸಿರಂತೆ. ಬೆರೆತಿದ್ದಕ್ಕೆ ಎಣ್ಣೆ ಹಚ್ಚಿದ ಸ್ಪಂಜು ಅದ್ದಿದರೆ ನೀರನ್ನಷ್ಟೇ ಹೀರಿ ವೈನನ್ನು ಬಿಡುತ್ತದಂತೆ. ಚಾವಡಿಯ ಮಾತೇ ಹಾಗೆ, ಅಂಗೈಯಲ್ಲೇ ಅರಮನೆ!

ಮೆಲಿನ್ನಾಳ ಗಂಡ ತೆಲ್ಲಿಯಾಸ್ ಸ್ಪಂಜು ತರಲು ಕಡಲಲ್ಲಿ ಮುಳುಗಿದವನು ಮೇಲೆ ಬಂದಿರಲಿಲ್ಲ. ನಾಳೆಗೆ ವರ್ಷ. ಊರಬಾಗಿಲಾಚೆ ಅವನ ಗೋರಿ ಖಾಲಿಯಿತ್ತು. "ಅವನದ್ದು ಅಂತ ಒಂದಾದ್ರೂ ಒಳಗಿಲ್ದೆ ಹಾಲು ಜೇನು ಸುರಿದ್ರೆ ಯಾರಿಗೆ ಮುಟ್ಟುತ್ತೆ? ನನ್ನ ಮಗ ಸತ್ತವರ ನದಿ ದಾಟಕ್ಕಾಗ್ದೆ ದಡದಲ್ಲೇ ಅಲೀತಿದಾನೆ" ಎಂದು ಅತ್ತೆ ದಿನಾ ಅಳುತ್ತಿದ್ದಳು. ಅವನ ಜೀವ ಕಡಲಿನಲ್ಲಿ ಬೆರೆತಿದ್ದರೆ ಒಂದು ತೊಟ್ಟಾದರೂ ಹಿಂಡಿ ತರಬಹುದಲ್ಲ ಎಂಬುದು ಮೆಲಿನ್ನಾಳ ಆಸೆ. ಕಡಲಿಗೆ ಹೋಗುವ ಮೊದಲು ಲೋಟದಲ್ಲಿ ಕಲಿತುಕೊಳ್ಳೋಣವೆಂದರೆ ಲೋಟವೇ ಕೈಕೊಟ್ಟಿತು.

ಲೋಟ, ಸ್ಪಂಜು ಎರಡನ್ನೂ ಹಿಡಿದು ಅವಳು ನೇರ ಪಾಠದ ನಡುವೆಯೇ ನುಗ್ಗಿದಳು.

"ಮೇಷ್ಟ್ರೇ, ನನ್ನ ಗಂಡನ್ನ ಕಡಲಿಂದ ಹಿಂಡಿ ತರೋ ಮೊದ್ಲು ಲೋಟದಲ್ಲಿ ನೋಡಿದೆ, ನನ್ನ ಕೈಲಿ ಆಗ್ತಿಲ್ಲ. ನೀವೇ ಮಾಡಿ ತೋರಿಸಿ."

"ಪಾಠದ ಮಧ್ಯೆ ಏನಮ್ಮ ಇದು? ಅದು ತತ್ವದ ಮಾತು..."

"ತತ್ವ ಆಮೇಲೆ. ಲೋಟ ಇಲ್ಲಿದೆ."

ಬೇರೆ ಪಂಥದ ಕಲ್ಲಿಪ್ಪ ಕಂಬಕ್ಕೆ ಒರಗಿ ನಿಂತಿದ್ದ. ಚಾವಡಿಯವರನ್ನು ಕಿಚಾಯಿಸುವುದೇ ಅವನ ಕಸುಬು. "ಅಲ್ಲ ಮೇಷ್ಟ್ರೇ, ತೆಲ್ಲಿಯಾಸ್ ಕಡಲೆಲ್ಲ ಬೆರೆತಿದ್ರೆ ನಿನ್ನೆ ನಾನು ತಿಂದ ಮೀನಲ್ಲೂ ಅವನೇ ಇದ್ನಾ? ಅದಕ್ಕೇ ಸ್ವಲ್ಪ ಗಟ್ಟಿ ಇತ್ತು!"

ಎಲ್ಲರೂ ಗೊಳ್ಳೆಂದು ನಕ್ಕರು.

"ನಿನ್ನ ಬಾಯಿಗೆ ಮಣ್ಣು ಹಾಕ!" ಎಂದು ಮೆಲಿನ್ನಾ ಚೀರಿದಳು. "ನೋಡಿ ಮೇಷ್ಟ್ರೇ, ನಿಮ್ಮ ಮಾತು ನಂಬಿ ಏನೇನು ಕೇಳಿಸ್ಕೋಬೇಕು ನಾನು?"

ಮೇಷ್ಟ್ರು ತೋಳಿನ ಬಟ್ಟೆ ಮೇಲೇರಿಸಿ ಸ್ಪಂಜು ಅದ್ದಿದರು. ಹಿಂಡಿದರು. ಕೆಂಪು. ಮತ್ತೆ ಅದ್ದಿದರು. ಮತ್ತೆ ಕೆಂಪು.

"ಎಣ್ಣೆ ಕಮ್ಮಿ ಆಗಿರ್ಬೇಕು. ಸ್ಪಂಜೂ ಅಷ್ಟಕ್ಕಷ್ಟೆ."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಇದಕ್ಕೆ ಮುಂಚೆ ಎಷ್ಟು ಸಲ ಮಾಡಿದೀರಿ?"

ಮೇಷ್ಟ್ರು ಲೋಟವನ್ನೇ ನೋಡಿದರು. "ಒಂದ್ಸಲಾನೂ ಇಲ್ಲಮ್ಮ. ನಮ್ಮ ಗುರುಗಳು ಹೇಳಿದ್ರು, ನಾನೂ ಹೇಳಿದೆ."

ಮೆಲಿನ್ನಾಳ ದುಃಖದ ಕಟ್ಟೆಯೊಡೆಯಿತು. "ಇದು ನಮ್ಮ ಯಜಮಾನ್ರು ಕೊನೇದಾಗಿ ಮನೆಗೆ ತಂದ ಸ್ಪಂಜು ರೀ! ಒಂದು ವರ್ಷ ನೀರೂ ಸೋಕಿಸದೆ ಇಟ್ಟಿದ್ದೆ. ಕಡಲ ವಾಸನೆ ಇತ್ತು. ಅವರು ತಂದಿದ್ದೇ ಅವರನ್ನ ಗುರುತು ಹಿಡಿಯುತ್ತೆ ಅಂದ್ಕೊಂಡು, ನಿಮ್ಮ ಮಾತು ಕೇಳಿ ಎಣ್ಣೆಗೆ ಅದ್ದಿಬಿಟ್ಟೆ!"

ಈ ಸಲ ಕಲ್ಲಿಪ್ಪನೂ ನಗಲಿಲ್ಲ.

ಮೇಷ್ಟ್ರು ಪಾಠ ಬಿಟ್ಟು ಅವಳ ಹಿಂದೆಯೇ ಅಂಗಡಿಗೆ ಬಂದರು. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಬೂದಿ ಹಚ್ಚಿ, ಬಿಸಿನೀರು ಹಾಕಿ ಸಂಜೆಯವರೆಗೂ ಸ್ಪಂಜು ತೊಳೆದರು. ಜಿಡ್ಡು ಹೋಗಲಿಲ್ಲ. ಕೆಂಪೂ ಹೋಗಲಿಲ್ಲ. ಉಜ್ಜಿದಷ್ಟೂ ಅದು ಪಿಸಿಯತೊಡಗಿತು.

"ಹೋಗ್ತಾ ಇಲ್ಲಮ್ಮ" ಎಂದರು.

ಮೆಲಿನ್ನಾ ಸ್ಪಂಜನ್ನು ಕಿತ್ತುಕೊಂಡಳು. "ಬಿಡಿ ಸಾಕು. ಬೇರೆ ಮಾಡೋಕೆ ಹೋಗೇ ಇದು ಹಾಳಾಗಿದ್ದು. ನಾಳೆ ಬೆಳಿಗ್ಗೆ ಬನ್ನಿ, ಹಾಲಿನ ಕೊಡ ಹೊರೋಕಾದ್ರೂ ಆಗ್ತೀರಿ."

ಬೆಳಿಗ್ಗೆ ಗೋರಿಯ ಬಳಿ ಅವಳು ಗುಂಡಿ ತೋಡಿ ಸ್ಪಂಜನ್ನು ಒಳಗಿಟ್ಟಳು. "ಏನೇ ಅದು, ಜಿಡ್ಡುಜಿಡ್ಡು?" ಎಂದಳು ಅತ್ತೆ.

"ನಿಮ್ಮ ಮಗ ಕೈಯಾರೆ ಕಡಲಿಂದ ತಂದಿದ್ದು ಅತ್ತೆ. ಇಷ್ಟೇ ಸಿಕ್ಕಿದ್ದು."

ಅತ್ತೆ ಬಗ್ಗಿ ಅದನ್ನು ಮುಟ್ಟಿ ನೋಡಿದಳು. ಎರಡು ಹಿಡಿ ಮಣ್ಣು ಹಾಕಿದಳು. ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು.

"ಸುಮ್ನಿರಿ" ಎಂದಳು ಮೆಲಿನ್ನಾ.

ಹಾಲು ಸುರಿದು ಅವಳು ಪದ್ಧತಿಯಂತೆ ಸತ್ತವನ ಹೆಸರನ್ನು ಮೂರು ಸಲ ಕೂಗಿದಳು. ಮೂರನೆಯ ಸಲ ಹೆಸರು ಅರ್ಧಕ್ಕೇ ನಿಂತಿತು. ಉಳಿದ ಅರ್ಧ ಹೆಸರನ್ನು ಅತ್ತೆ ಕೂಗಿದಳು.