ಪಂಚಮಿ ಕರೆಯ ಸಿಗ್ನಲ್ ಫ್ಲೋ ಗ್ರಾಫ್

ವೀರೇಂದ್ರ ಹಾವೇರಿಯ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಕಲಿಸುವ ಮಾಸ್ತರ. ಅಂಕೆ ತಪ್ಪಿದ ಮೋಟಾರನ್ನು ಹದಕ್ಕೆ ತರುವುದು ಹೇಗೆಂದು ಬೋರ್ಡಿನ ಮೇಲೆ ಬರೆದು ಬರೆದು ಅವನ ಅಂಗಿಯ ತೋಳು ಬೆಳ್ಳಗಾಗಿತ್ತು. ಆದರೂ ಮನೆಯಲ್ಲಿ ಮಿಕ್ಸರ್ ಕೆಟ್ಟರೆ ಹೆಂಡತಿ ಸುಧಾರಾಣಿ ಅದನ್ನು ಅವನಿಗೆ ತೋರಿಸದೆ ಸೀದಾ ಪೇಟೆಗೆ ಒಯ್ಯುತ್ತಿದ್ದಳು. ಇಂಥ ಪಂಡಿತ ಈ ಸಲದ ಪಂಚಮಿ ಹಬ್ಬವನ್ನು ರಿಪೇರಿ ಮಾಡಲು ಹೊರಟ.

ಆಗಿದ್ದು ಇಷ್ಟೇ. ಪಂಚಮಿಗೆ ಅಣ್ಣನಾದವನು ತಾನೇ ಹೋಗಿ ತಂಗಿಯನ್ನು ತವರಿಗೆ ಕರೆತರಬೇಕು. ಈ ಸೀಮೆಯಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ತಂಗಿ ಪುಷ್ಪಲತಾ ಇದ್ದದ್ದೂ ದೂರವೇನಲ್ಲ, ಬ್ಯಾಡಗಿಯಲ್ಲಿ. ಅವಳ ಗಂಡ ಕೊಟ್ರೇಶನದು ಅಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ವೀರೇಂದ್ರ ಚಹಾ ಹೀರುತ್ತ ಹೆಂಡತಿಗೆ ಅಂದಿದ್ದ, “ಪೇಪರ್ ತಿದ್ದೋದು ಗುಡ್ಡ ಬಿದ್ದೈತಿ. ಪುಷ್ಪಿ ಬಸ್ಸಿಗೆ ಬರಲಿ ಬಿಡು.”

ಸುಧಾರಾಣಿ ಇದನ್ನು ಅತ್ತೆ ಶಾರದವ್ವನಿಗೆ ಹೇಳಿದಳು. ಶಾರದವ್ವ ದಿನಾ ಸಂಜೆ ಫೋನ್ ಮಾಡುವ ರಾಣೇಬೆನ್ನೂರಿನ ಮೈದುನ ಅಂದಾನೆಪ್ಪನಿಗೆ ಹೇಳಿದಳು. ಅಂದಾನೆಪ್ಪ ಕಾಕಾ ಬ್ಯಾಡಗಿಗೆ ಮುಟ್ಟಿಸಿದ. ಮುಟ್ಟುವ ಹೊತ್ತಿಗೆ ಮಾತು ಹೀಗಾಗಿತ್ತು: “ನಿಮ್ಮಣ್ಣಗ ಪುರುಸೊತ್ತಿಲ್ಲಂತ, ಈ ಸಲ ಬರೋದ ಬ್ಯಾಡಂತ.” ಅದೇ ದಾರಿಯಲ್ಲಿ ಉತ್ತರ ತಿರುಗಿ ಬಂತು. ಶೇಂಗಾ ಉಂಡಿ ಕಟ್ಟುತ್ತಿದ್ದ ಅವ್ವ ಕೈ ಬಿಟ್ಟು ಕೂತು ಮಗನಿಗೆ ಹೇಳಿದಳು, “ಇನ್ನ ಈ ಮನಿ ಹೊಸ್ತಿಲಾ ತುಳಿಯಂಗಿಲ್ಲಂತ ನಿನ್ನ ತಂಗಿ. ಆಕಿ ಬರದ ಮನ್ಯಾಗ ಈ ಉಂಡಿ ಯಾರಿಗೆ ಕಟ್ಟಲಿ?”

ಬೇರೆ ಯಾರಾದರೂ ಆಗಿದ್ದರೆ ಫೋನ್ ಎತ್ತುತ್ತಿದ್ದರು. ವೀರೇಂದ್ರ ಪೆನ್ನು ಎತ್ತಿದ.

ಮಾರ್ಕ್ಸ್ ಶೀಟಿನ ಬೆನ್ನಿಗೆ ಅವನು ಒಂದು ಸಿಗ್ನಲ್ ಫ್ಲೋ ಗ್ರಾಫ್ ಬರೆದ. ಇದರಲ್ಲಿ ಒಂದೊಂದು ಸೊನ್ನೆಯೂ ಒಂದೊಂದು ನಿಲ್ದಾಣ, ನಡುವೆ ಬಾಣಗಳು, ಬಾಣದ ಮೇಲಿನ ಅಂಕಿ, ಆ ದಾರಿಯಲ್ಲಿ ಹೋದದ್ದು ಎಷ್ಟು ಪಟ್ಟಾಗುತ್ತದೆಂದು ಹೇಳುತ್ತದೆ. ಮೊದಲ ಸೊನ್ನೆ ತಾನು. ಹೆಂಡತಿಯ ಬಾಣಕ್ಕೆ ಒಂದು ಎಂದು ಬರೆದ: ಕೇಳಿದಷ್ಟನ್ನೇ ಹೇಳುವವಳು, ಮೇಲಾಗಿ ಎದುರಿಗೇ ಕೂತಿದ್ದಳು. ಅವ್ವನಿಗೆ ಎರಡು, ಕಣ್ಣೀರು ಸೇರುವುದರಿಂದ. ಕಾಕಾನಿಗೆ ಧಾರಾಳವಾಗಿ ಐದು. ಕೊನೆಯ ಸೊನ್ನೆ ಪುಷ್ಪಿ, ಅಂದರೆ ಔಟ್‌ಪುಟ್. ಕಾಕಾನಿಂದ ಅವ್ವನಿಗೆ ಒಂದು ಬಾಣ ಹಿಂದಕ್ಕೂ ಬರುತ್ತಿತ್ತು. ಸುತ್ತಿ ಬರುವ ಇಂಥ ದಾರಿಯ ಅಂಕಿಗಳ ಗುಣಾಕಾರ ಒಂದನ್ನು ದಾಟಿದರೆ, ಒಳಗೆ ಬಿದ್ದದ್ದು ಸುತ್ತು ಸುತ್ತಿಗೂ ಬೆಳೆಯುತ್ತ ಹೋಗುತ್ತದೆ. ಲೆಕ್ಕ ಚೊಕ್ಕಟವಾಗಿ ಬಂತು: ಕಳ್ಳ ಸಿಕ್ಕ, ಕಾಕಾ. ವೀರೇಂದ್ರನಿಗೆ ತನ್ನ ಬಗ್ಗೆ ತನಗೇ ಹೆಮ್ಮೆಯಾಯಿತು.

ಕೂಡಲೇ ರಾಣೇಬೆನ್ನೂರಿಗೆ ಫೋನ್ ಹಚ್ಚಿದ. “ಕಾಕಾ, ಇನ್ನ ಮ್ಯಾಲ ನಮ್ಮ ಮನಿ ಮಾತು ಬ್ಯಾಡಗಿಗೆ ಹೇಳಬ್ಯಾಡ್ರಿ.”

ಬಾಣ ಕತ್ತರಿಸಿದೆನೆಂದು ಅವನು ತಿಳಿದ. ಕಾಕಾ ಮೊದಲು ಮಾಡಿದ ಕೆಲಸವೆಂದರೆ, ತನಗೆ ಹೇಳಬಾರದೆಂದು ಹೇಳಿದ್ದಾರೆಂಬುದನ್ನು ಬ್ಯಾಡಗಿಗೆ ಹೇಳಿದ್ದು. ಸಂಜೆ ಅವ್ವ ಬಂದು ಬಾಗಿಲಲ್ಲಿ ನಿಂತಳು. “ಏನ್ ಮಾಡಿದ್ಯೋ ಮಾರಾಯಾ? ಪುಷ್ಪಿ ಅಳಾಕತ್ತಾಳಂತ.”

ಅಲ್ಲಿಯವರೆಗೆ ಇದು ಲೆಕ್ಕವಾಗಿತ್ತು. ಅಳುತ್ತಾಳೆ ಅಂದ ಕೂಡಲೇ ಗ್ರಾಫನ್ನು ಬೋರಲು ಹಾಕಿದ. ಆದರೂ ಮಾಸ್ತರ ಮಾಸ್ತರನೇ. ಸೂತ್ರದಲ್ಲಿ ಎಲ್ಲಿ ತಪ್ಪಿತೆಂದು ಯೋಚಿಸುತ್ತಲೇ ಮಲಗಿದ.

ಮರುದಿನ ಮುಂಜಾನೆ ಪೇಪರ್ ತಿದ್ದಲು ಕೂತ. ಯಾರೋ ಒಬ್ಬ ವಿದ್ಯಾರ್ಥಿ ಗ್ರಾಫಿನ ಸುತ್ತು ದಾರಿಗಳನ್ನೆಲ್ಲ ಹುಡುಕಿ, ಮೊದಲ ಸೊನ್ನೆಯಿಂದ ಕೊನೆಯ ಸೊನ್ನೆಗೆ ಹೋಗುವ ನೇರ ದಾರಿಯನ್ನೇ ಬಿಟ್ಟಿದ್ದ. ವರ್ಷವೂ ಅರ್ಧ ಕ್ಲಾಸು ಮಾಡುವ ತಪ್ಪು. ವೀರೇಂದ್ರ ಕೆಂಪು ಶಾಯಿಯಲ್ಲಿ ‘ನೇರ ದಾರಿ ಎಲ್ಲಿ?’ ಎಂದು ಗೀಚಿದ. ಗೀಚಿದವನು ಪೆನ್ನು ಹಿಡಿದುಕೊಂಡು ಹಾಗೇ ಕೂತ.

ತನ್ನ ಗ್ರಾಫಿನಲ್ಲಿ ತನ್ನಿಂದ ಪುಷ್ಪಿಗೆ ಒಂದೂ ಬಾಣವಿರಲಿಲ್ಲ. ಬರೆಯಲು ಮರೆತದ್ದಲ್ಲ. ಅಂಕಿ ಸೊನ್ನೆಯಾದ ಬಾಣವನ್ನು ಯಾರೂ ಬರೆಯುವುದಿಲ್ಲ. ಅವಳ ಫೋನ್ ಬಂದರೆ ಅವ್ವ ಮಾತಾಡುತ್ತಿದ್ದಳು, ಇವನು ಕುರ್ಚಿಯಿಂದಲೇ “ಆರಾಮ ಅದಾಳಂತೇನು ಕೇಳು” ಎಂದು ಕೂಗುತ್ತಿದ್ದ. ಅದನ್ನೇ ದೊಡ್ಡ ಪ್ರೀತಿ ಎಂದುಕೊಂಡಿದ್ದ. ಚಿಕ್ಕಂದಿನಲ್ಲಿ ಕರ್ಜಗಿಯ ಶಾಲೆಗೆ ದಿನಾ ಅವಳನ್ನು ಸೈಕಲ್ಲಿನ ಮುಂದಿನ ಪೈಪಿನ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದವನೂ ಇದೇ ವೀರೇಂದ್ರ. ಅವನಿಗೆ ಬಹಳ ನಾಚಿಕೆಯಾಯಿತು. ಪೇಪರಿನ ಗುಡ್ಡವನ್ನು ಹಾಗೇ ಬಿಟ್ಟು ಬೈಕ್ ಹತ್ತಿದ. ಗ್ರಾಫನ್ನು ಮಾತ್ರ ಕಿಸೆಯಲ್ಲಿಟ್ಟುಕೊಂಡ. ಚಟ ಅಷ್ಟು ಸುಲಭಕ್ಕೆ ಬಿಡುತ್ತದೆಯೇ?

ಬ್ಯಾಡಗಿಯ ಮೆಣಸಿನಕಾಯಿ ಘಾಟಿಗೆ ಸೀನುತ್ತಲೇ ತಂಗಿಯ ಮನೆ ಮುಟ್ಟಿದ. ಪುಷ್ಪಲತಾ ನೀರು ತಂದು ಕೊಟ್ಟಳು. ಅವಳ ಕಣ್ಣು ಇನ್ನೂ ಕೆಂಪಗಿದ್ದವು. ಮಾತು ಎಲ್ಲಿಂದ ಶುರು ಮಾಡಬೇಕೋ ತಿಳಿಯದೆ ವೀರೇಂದ್ರ ಕಾಗದ ಬಿಚ್ಚಿ ಪಾಠ ಶುರು ಮಾಡಿದ. ಅವ್ವನ ಎರಡು, ಕಾಕಾನ ಐದು, ಸುತ್ತಿ ಬರುವ ದಾರಿ, ಎಲ್ಲ ವಿವರಿಸಿದ. ಅವಳು ಗದ್ದಕ್ಕೆ ಕೈಹಚ್ಚಿ ಕೇಳಿದಳು.

“ಇದರಾಗ ನಾ ಎಲ್ಲಿದೇನಿ?”

“ಇಲ್ಲಿ, ಕಡೀಕ. ಔಟ್‌ಪುಟ್.”

“ನನ್ನ ಕಡೆ ಬರೋ ಬಾಣ ಐತಿ. ನನ್ನಿಂದ ಹೊರಗ ಹೋಗೋದು ಒಂದೂ ಇಲ್ಲಲ್ಲ?”

ಔಟ್‌ಪುಟ್‌ನಿಂದ ಬಾಣ ಹೊರಡಿಸುವ ರೂಢಿ ಇಲ್ಲ ಎಂದು ಹೇಳಲು ಅವನು ಬಾಯಿ ತೆರೆದ. ಪುಣ್ಯಕ್ಕೆ ಮುಚ್ಚಿಕೊಂಡ.

“ನಾ ಕಾಕಾಗ ಏನಂದಿದ್ದೆ ಗೊತ್ತೈತೇನು?” ಎಂದಳು ಪುಷ್ಪಲತಾ. “‘ಅಣ್ಣಾ ಬಂದು ಕರದ್ರ ಬರ್ತೇನಿ’ ಅಂದಿದ್ದೆ. ಅಷ್ಟ. ಹೊಸ್ತಿಲಾ ಪಸ್ತಿಲಾ ಏನೂ ಅಂದಿಲ್ಲ. ಖರೇ ಏನಂದಿ ಅಂತ ನೀ ಒಮ್ಮೆರ ಕೇಳಿದ್ಯೇನು?”

ವೀರೇಂದ್ರ ತಪ್ಪನ್ನು ಕಾಕಾನ ಮೇಲೆ ಹಾಕಬಹುದಿತ್ತು, ಹಾಕಲಿಲ್ಲ. ಕಾಗದ ಮಡಚಿದ.

“ತಪ್ಪಾತವಾ. ಕರಿಯಾಕ ಬಂದೇನಿ. ನಡಿ ಹೋಗೂಣು.”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಬ್ಯಾಗ್ ತರಲು ಹೋದಳೆಂದು ಅವನು ಬೈಕಿನ ಕೀಲಿ ಕೈಗೆತ್ತಿಕೊಂಡು ಎದ್ದು ನಿಂತ. ಅವಳು ಚಹಾ ತಂದಳು.

“ಕುಡದು ಹೋಗು.”

“ಹೋಗು ಅಂದ್ರ? ನೀ ಬರಂಗಿಲ್ಲೇನು?”

“ಹೋದ ವರ್ಷನೂ ನೀ ಬರಲಿಲ್ಲ. ಹುಡುಗೂರನ್ನ ಕಟಗೊಂಡು ನಾನ ಬಸ್ಸಿನ್ಯಾಗ ನಿಂತು ಬಂದೆ. ಬಂದಾಗ ‘ಬಂದ್ಯಾ?’ ಅಂದಿ, ಪೇಪರ್ ಓದಾಕತ್ತಿದ್ದಿ.” ಲೋಟವನ್ನು ಅವನ ಕೈಗಿಟ್ಟಳು. “ಇವತ್ತ ನೀ ಕರದದ್ದು ಹೋದ ವರ್ಷದ್ದು. ಈ ವರ್ಷದ್ದು ನಾಳೆ ಬಂದು ಕರಿ.”

ಇದಕ್ಕೆ ಅವನು ಯಾವ ಸೂತ್ರವನ್ನೂ ಹುಡುಕಲಿಲ್ಲ. “ಬರ್ತೇನಿ” ಎಂದ.

ಬೈಕ್ ತಿರುಗಿಸುವಾಗ ಅವಳು ಅಂಗಳದವರೆಗೂ ಬಂದಳು. “ಲಗೂನ ಬಾ ಮತ್ತ,” ಎಂದಳು, “ನಾ ಮುಂಜಾನಿಂದನ ದಾರಿ ನೋಡ್ತಿರ್ತೇನಿ.”