ಜಾಗ ಕೇಳಿದವಳಿಗೆ ಮೇಜು

ಮೇಜಿನ ಕಾಲು ಕಿವಿಗೆ ಬಡಿಯುತ್ತಿದೆ, ಹೆಜ್ಜೆಗೊಂದು ಏಟು, ಟಕ್, ಟಕ್, ದಡ್ಡಿಗೆ ಪಾಠ ಹೇಳುವ ಮೇಷ್ಟರ ಹಾಗೆ — ಕಲಿತೆ ಸ್ವಾಮಿ, ಕಲಿತೆ, ಜಾಗ ಕೇಳಿದರೆ ಮೇಜು ಸಿಗುತ್ತದೆ ಎಂದು ಹನ್ನೊಂದು ವರ್ಷ ಅವರ ನೆಲ ಒರೆಸಿದವಳಿಗೆ ಮೊದಲೇ ತಿಳಿದಿರಬೇಕಿತ್ತು. ನೆಲ ಒರೆಸುವ ಬಟ್ಟೆಯನ್ನೇ ಸಿಂಬಿ ಮಾಡಿ ತಲೆಗಿಟ್ಟುಕೊಂಡಿದ್ದೇನೆ, ಅದರ ತೇವ ಹಣೆಗಿಳಿದು ಬೆವರಿನ ಜೊತೆ ಸೇರಿ ಬಾಯಿಗೆ ಬರುತ್ತಿದೆ, ಫಿನಾಯಿಲ್ ರುಚಿ. ಕೇಳಿದ್ದಾದರೂ ಏನು, ಮೇಡಂ, ಮಗಳ ಪರೀಕ್ಷೆಗೆ ಇನ್ನು ಹನ್ನೆರಡೇ ದಿನ, ನಮ್ಮನೇಲಿ ಕಾಲು ಮಡಿಚಿ ಕೂರೋಕೂ ಜಾಗ ಇಲ್ಲ, ಸಂಜೆ ಎರಡು ಗಂಟೆ ಆ ಖಾಲಿ ರೂಮಲ್ಲಿ ಮೂಲೇಲಿ ಕೂತು ಓದ್ಕೊಳ್ಲಿ, ಉಸಿರೂ ಬಿಡಲ್ಲ ಅವಳು. ಉಸಿರೂ ಬಿಡಲ್ಲ ಎಂದೆನಲ್ಲ, ಈ ನಾಲಿಗೆಗೆ ಬರೆ ಹಾಕಬೇಕು, ಹೆತ್ತ ಮಗಳ ಉಸಿರನ್ನು ನಾನೇ ಎಂಜಲು ತಟ್ಟೆಯ ಹಾಗೆ ಎತ್ತಿ ಬದಿಗಿಟ್ಟೆ. ಮೇಡಂ ಕಣ್ಣು ಮುಚ್ಚಿದರು, ಇಲ್ಲ ಎನ್ನುವ ಮುಂಚೆ ಕಣ್ಣು ಮುಚ್ಚುವುದು ಅವರು ಹೊಸದಾಗಿ ಕಲಿತದ್ದು, ಆಮೇಲೆ ತೆರೆದು, ನೋಡು, ಆ ರೂಮು ಖಾಲಿ ಇದ್ರೇನೇ ಅದಕ್ಕೆ ಅರ್ಥ, ತಪ್ಪು ತಿಳ್ಕೋಬೇಡ, ಮಗು ಓದ್ಬೇಕು ತಾನೇ, ಯಜಮಾನ್ರ ಹಳೇ ಮೇಜು ಇದೆಯಲ್ಲ, ಎತ್ಕೊಂಡು ಹೋಗು, ಹೇಗೂ ಇವತ್ತಿನದು ಇನ್ನೂ ಬಾಕಿ ಇತ್ತು.

ಇವತ್ತಿನದು! ದಿನಕ್ಕೊಂದು ವಸ್ತು ಮನೆಯಿಂದ ಹೊರಗೆ, ಸರಳ ಬದುಕಿನತ್ತ ದಿನಕ್ಕೊಂದು ಚಿಕ್ಕ ಹೆಜ್ಜೆ, ಫ್ರಿಜ್ಜಿನ ಬಾಗಿಲಿಗೆ ಪಟ್ಟಿ ಅಂಟಿಸಿದ್ದಾರೆ, ಹೋದದ್ದಕ್ಕೆಲ್ಲ ಹಸಿರು ಗುರುತು. ಚಿಕ್ಕ ಹೆಜ್ಜೆ ಅವರದು, ಮೂರು ಮಹಡಿ ನನ್ನದು. ಕಳಿಸುವ ಮುಂಚೆ ವಸ್ತುವನ್ನು ಎದೆಗೊತ್ತಿ ಥ್ಯಾಂಕ್ಸ್ ಹೇಳುತ್ತಾರೆ, ಹಿಡಿ ಮುರಿದ ಜರಡಿಗೆ ಥ್ಯಾಂಕ್ಸ್, ಚಕ್ರ ಕಿತ್ತ ಸೂಟ್‌ಕೇಸಿಗೆ ಥ್ಯಾಂಕ್ಸ್, ಕಾಲು ನೆನೆಸುವ ಪ್ಲಾಸ್ಟಿಕ್ ತೊಟ್ಟಿಗೆ ಕಣ್ಣಲ್ಲಿ ನೀರು ಬೇರೆ, ನನಗೆ ಇಷ್ಟು ವರ್ಷದಲ್ಲಿ ಒಂದು ಸಲವೂ ಇಲ್ಲ, ಎಲ್ಲಾದರೂ ಮುರಿದಿದ್ದರೆ ನನಗೂ ಸಿಗುತ್ತಿತ್ತೇನೋ. ಖಾಲಿ ಕೋಣೆಯನ್ನು ಮಾತ್ರ ಎರಡು ಹೊತ್ತು ಗುಡಿಸಬೇಕು, ಏನೂ ಇಲ್ಲದ ಕಡೆ ಧೂಳು ಎದ್ದು ಕಾಣುತ್ತದಂತೆ. ನಡುವೆ ಒಂದೇ ಒಂದು ಬಿಳಿ ದಿಂಬು, ಧ್ಯಾನಕ್ಕೆ, ದಿನಾ ಕೊಡವಿ ಉಬ್ಬಿಸಿ ಇಡುವವಳು ನಾನು, ಮಾರನೆಯ ದಿನ ಅದು ಹಾಗೇ ಇರುತ್ತದೆ, ಯಾರೂ ಕೂತ ಗುರುತಿಲ್ಲ, ಮೇಡಂ ಧ್ಯಾನ ಮಾಡುವುದು ಸೋಫಾದಲ್ಲಿ, ಬೆನ್ನು ನೋವಂತೆ.

ನಮ್ಮ ವಠಾರದ ಮೆಟ್ಟಿಲು ಶುರುವಾಯಿತು. ಕೆಳಮನೆಯ ಇಸ್ತ್ರಿಯವಳು ಇಣುಕುತ್ತಾಳೆ, ಅಕ್ಕಾ, ಮೇಜು ಬಂತಾ, ನಾಳೆ ಅವರ ಯಜಮಾನ್ರನ್ನೇ ಹೊರಿಸಿ ಕಳಿಸ್ತಾರೆ ನೋಡು, ಆ ಮನೇಲಿ ಹಳೇದು ಅಂತ ಇನ್ನು ಉಳಿದಿರೋದು ಅದೊಂದೇ! ನಗು ಬಂತು, ನಕ್ಕರೆ ಮೇಜು ಜಾರುತ್ತದೆ, ಬಿಡು. ಮೊದಮೊದಲು ಇದೇ ಮೆಟ್ಟಿಲಲ್ಲಿ ಬೀಗುತ್ತಾ ಹತ್ತಿದವಳು ನಾನು, ಹೂದಾನಿ ಹಿಡಿದುಕೊಂಡು, ನಮ್ಮ ಮೇಡಂ ಕೊಟ್ಟಿದ್ದು ಕಣೇ, ಇನ್ನೂ ಹೊಸದರ ಹಾಗಿದೆ, ಥೂ. ಹೂದಾನಿ ಮೂರಾದವು, ಫೋಟೊ ಇಲ್ಲದ ಚೌಕಟ್ಟು ಒಂಬತ್ತು, ಹೂವಿಡುವ ಮನೆಯೇ ಅದು, ಫೋಟೊ ತೂಗುವ ಗೋಡೆಯೇ ಅದು, ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ದೊಡ್ಡವರು ಹಾಸಿಗೆಯನ್ನೇ ನಿಲ್ಲಿಸಿಡಬೇಕಾದ ಮನೆ ಕಂಡಿರಲಿಲ್ಲ. ಎಸೆಯಬಹುದಿತ್ತು. ಎಸೆಯುವುದು ಹೇಗೆ, ಒಂದು ದಿನ ಮೇಡಂ ಅವರೇ ಬಂದರಲ್ಲ, ಮೂಗಿಗೆ ಕರವಸ್ತ್ರ ಒತ್ತಿಕೊಂಡು, ತಾವು ಕೊಟ್ಟದ್ದೆಲ್ಲ ಎರಡನೇ ಜನ್ಮ ಪಡೆದಿದೆ ಎಂದು ತಮ್ಮ ಸರಳ ಬದುಕಿನ ಗುಂಪಿಗೆ ತೋರಿಸಲು ಫೋಟೊ ತೆಗೆದುಕೊಂಡರು, ಸ್ವಲ್ಪ ಪಕ್ಕಕ್ಕೆ ಸರಿಯಮ್ಮ ಎಂದು ಮಗಳನ್ನು ಅವಳದೇ ಮನೆಯ ಹೊಸಿಲಾಚೆ ನಿಲ್ಲಿಸಿದರು. ಈಗ ದಿನಾ ವಿಚಾರಣೆ, ಸೂಟ್‌ಕೇಸು ಹೇಗಿದೆ, ತೊಟ್ಟೀಲಿ ಕಾಲಿಡ್ತೀಯಾ, ಕೊಟ್ಟ ಹೆಣ್ಣಿನ ಕ್ಷೇಮ ಕೇಳುವ ಹಾಗೆ, ನಾನು ಹೂಂ ಮೇಡಂ, ಹೂಂ ಮೇಡಂ, ಗೋಣು ಮುರಿದ ಗೊಂಬೆ.

ಮೂರನೇ ಮಹಡಿ. ಬಾಗಿಲು ಒಂದು ಗೇಣು ತೆರೆಯುತ್ತದೆ, ಮಿಕ್ಕದ್ದಕ್ಕೆ ಒಳಗಿಂದ ಸೂಟ್‌ಕೇಸಿನ ಅಡ್ಡಿ. ಸಂದಿಯಲ್ಲಿ ಮಗಳ ಅರ್ಧ ಮುಖ, ಒಂದು ಕಣ್ಣು, ಅಮ್ಮಾ, ಕೇಳಿದ್ಯಾ, ಏನಂದ್ರು — ಆ ಒಂದು ಕಣ್ಣು ಮೇಲೆ ಹೋಯಿತು, ಮೇಜನ್ನು ನೋಡಿತು, ಬಯ್ಯಲಿ ಎಂದು ಕಾದೆ, ನಗಲಿ ಎಂದಾದರೂ ಕಾದೆ. ಬಿಡಮ್ಮ, ಪರವಾಗಿಲ್ಲ, ಮೆಟ್ಟಿಲ ಮೇಲೇ ಕೂರ್ತೀನಿ, ನಿನ್ನೆ ದಾಟ್ಕೊಂಡು ಹೋದೋರು ಎಂಟೇ ಜನ. ಪರವಾಗಿಲ್ಲ! ಯಾರ ದನಿ ಅದು, ಹದಿನಾರರ ಹುಡುಗಿಯದಲ್ಲ, ನನ್ನದು, ನನ್ನ ಹೂಂ ಮೇಡಂ ಅವಳ ಗಂಟಲಿಗೆ ಆಗಲೇ ಇಳಿದಿದೆ, ನಾನು ಹೊತ್ತು ತಂದು ಮನೆ ತುಂಬಿದ ಸಾಮಾನಿನಲ್ಲಿ ಅದೂ ಒಂದು, ನಾಳೆ ಅವಳೂ ಯಾರದೋ ಮುರುಕನ್ನು ಹೊತ್ತು ಪರವಾಗಿಲ್ಲ ಎನ್ನುತ್ತಾ ಹತ್ತುತ್ತಾಳೆ. ಮೇಜನ್ನು ಕೆಳಗೆ ಒಗೆದೆ, ಬೆನ್ನ ಮೇಲೆ ಬಿದ್ದು ನಾಲ್ಕೂ ಕಾಲು ಮೇಲೆ ಮಾಡಿತು. ತಳ್ಳು, ಒಳಗಿಂದ ತಳ್ಳೇ, ಎಲ್ಲಾ ಆಚೆ ತಳ್ಳು. ಅಮ್ಮಾ, ಮೇಡಂ ಕೇಳಿದ್ರೆ? ತಳ್ಳು ಅಂದೆನಲ್ಲ! ಸೂಟ್‌ಕೇಸು ಬಂತು, ಬಾಗಿಲು ಪೂರ್ತಿ ತೆರೆಯಿತು, ತೊಟ್ಟಿ ಬಂತು, ಹೂದಾನಿ ಒಂದು ಒಡೆಯಿತು, ಒಡೆಯಲಿ, ಥ್ಯಾಂಕ್ಸೂ ಇಲ್ಲ ಮಣ್ಣೂ ಇಲ್ಲ, ಇಸ್ತ್ರಿಯವಳು ಓಡಿ ಬಂದು ತಾನೂ ಒಂದು ಕೈ ಹಾಕಿದಳು, ಅಕ್ಕಂಗೆ ಏನೋ ಹಿಡಿದಿದೆ ಎನ್ನುತ್ತಲೇ ಚೌಕಟ್ಟುಗಳನ್ನು ಬಾಚಿಕೊಂಡು ಇಳಿದಳು.

ನೆಲ ಕಾಣಿಸಿತು, ಒಂದು ಚಾಪೆಯಷ್ಟು, ಬಣ್ಣವೇ ಮರೆತುಹೋಗಿತ್ತು, ಬೂದು. ಗುಡಿಸುವ ತನಕವೂ ಅವಳು ಕಾಯಲಿಲ್ಲ, ಕೂತಳು, ಕಾಲು ಚಾಚಿದಳು, ಪುಸ್ತಕ ತೆರೆದಳು, ತುಟಿ ಆಡುತ್ತಿದೆ. ನಾನು ಹೊಸಿಲ ಮೇಲೆ, ಭಯವೇ, ಇರಬಹುದು, ಬಡವನ ಸಿಟ್ಟು ದವಡೆಗೆ ಮೂಲ, ನಾಳೆ ಕೆಲಸ ಹೋದರೆ, ಹೋಗಬಹುದು, ಹಸಿರು ಗುರುತು ಹಾಕಿ ನನ್ನನ್ನೂ ಕಳಿಸಬಹುದು, ಆದರೆ ಬೆಳಗ್ಗೆ ಮೇಡಂ ಏಳುವ ಮುಂಚೆ ಅವರ ಆ ಖಾಲಿ ಕೋಣೆಗೆ ಹೋಗುತ್ತೇನೆ, ಕಸಬರಿಗೆ ಬಾಗಿಲ ಹೊರಗೇ ಇಟ್ಟು, ಬೀದಿಯ ಧೂಳಿನ ಕಾಲಲ್ಲಿ, ದಿಂಬು ನಡುವೆಯೇ ಇರುತ್ತದೆ, ಉಬ್ಬಿಕೊಂಡು, ಕೂರುತ್ತೇನೆ, ಪೂರ್ತಿ ಭಾರ ಬಿಟ್ಟು, ಎಷ್ಟು ಹೊತ್ತು ಬೇಕೋ ಅಷ್ಟು, ಏಳುತ್ತೇನೆ, ಕೊಡವುವುದಿಲ್ಲ, ಬಿಳಿ ದಿಂಬು, ಬಿಸಿಲು, ನಡುವೆ ಒಂದು ಗುಳಿ, ನನ್ನಷ್ಟಗಲ, ಕೊಡವುವುದಿಲ್ಲ, ಬಿಳಿ ದಿಂಬು, ಗುಳಿ —