ಜಿಂಕೆಗಳಿಗೆ ಹೇಳುವ ಮಾತು

ಕಾಸ್ಪರನ ಬಾಯಿಂದ ಒಂದು ಮಾತು ಹೊರಡಿಸುವುದಕ್ಕಿಂತ ಅಡುಗೆಮನೆಯ ಒಲೆಯನ್ನು ಮಾತಾಡಿಸುವುದು ಸುಲಭ ಎಂದು ಅವನ ಹೆಂಡತಿ ಬುರ್ಗಿ ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಬೆಳಿಗ್ಗೆ ಎದ್ದಾಗಿನಿಂದ ಅವಳದು ಶುರುವಾಗುತ್ತಿತ್ತು: ಸೌದೆ ಒದ್ದೆಯಾಗಿದೆ, ಬೂಟಿನ ಹಿಮ ನೆಲಕ್ಕೆಲ್ಲ ಮೆತ್ತಿದೆ, ಕಾಲು ಜಾರದಂತೆ ಬಾಗಿಲ ಮುಂದೆ ಬೂದಿ ಚೆಲ್ಲು ಅಂತ ಎಷ್ಟು ಬಡಕೊಂಡರೂ ಕೇಳುವವರಿಲ್ಲ. ಎಲ್ಲಕ್ಕೂ ಕಾಸ್ಪರನದು ಒಂದೇ ಉತ್ತರ, ಹೂಂ. ಆಮೇಲೆ ಟೋಪಿ ಹಾಕಿಕೊಂಡು, ಜಾರುಬಂಡಿ ಎಳೆದುಕೊಂಡು ಗುಡ್ಡ ಹತ್ತಿಬಿಡುತ್ತಿದ್ದ. ಟಿರೋಲ್ ಬೆಟ್ಟಗಳ ಆ ಕಣಿವೆಯಲ್ಲಿ, ಹಿಮ ಬಿದ್ದಂದಿನಿಂದ ಕರಗುವವರೆಗೂ ಕಾಡಿನ ಜಿಂಕೆಗಳಿಗೆ ಮೇವು ಹಾಕುವ ಕೆಲಸ ಮದುವೆಗೂ ಮುಂಚಿನಿಂದ ಅವನದೇ.

ಕ್ರಿಸ್‌ಮಸ್ ಕಳೆದ ಹೊಸತರಲ್ಲಿ ಅವನು ಅದೇ ಬೂದಿ ಚೆಲ್ಲದ ಬಾಗಿಲ ಮುಂದೆ ಜಾರಿ ಬಿದ್ದು ಕಾಲು ಮುರಿದುಕೊಂಡ. ಕಡಿದಾದ ಬೆಟ್ಟದಲ್ಲಿ ಆಡಿನಂತೆ ಓಡಾಡುವ ಮನುಷ್ಯ ಸ್ವಂತ ಮನೆಯೆದುರು ಬಿದ್ದ ಎಂದು ಊರು ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಬುರ್ಗಿ ಮಾತ್ರ, ನಾನು ಹೇಳಿರಲಿಲ್ಲವೇ ಎಂದು ಒಂದೇ ಒಂದು ಸಲ ಕೇಳಿ ಸುಮ್ಮನಾದಳು. ಅಷ್ಟು ಸಂಯಮ ಅವಳಿಗೆ ಎಲ್ಲಿಂದ ಬಂತೋ ದೇವರಿಗೇ ಗೊತ್ತು. ಮರುದಿನ ಗಂಡನ ಹಳೇ ಕೋಟು ತೊಟ್ಟು ಜಾರುಬಂಡಿಯ ಹಗ್ಗ ಹಿಡಿದು ತಾನೇ ಹೊರಟಳು.

ಮೇವಿನ ಕೊಟ್ಟಿಗೆ ಇದ್ದದ್ದು ಕಾಡಂಚಿನ ಬಯಲಿನಲ್ಲಿ. ಬುರ್ಗಿ ಗೋದಲಿಗೆ ಹುಲ್ಲು ತುಂಬಿದಳು, ರಸ ಹಿಂಡಿ ಉಳಿದ ಸೇಬಿನ ಸಿಪ್ಪೆಯನ್ನು ಬಾನಿಗೆ ಸುರಿದಳು. ಜಿಂಕೆಗಳು ಬೆದರದಿರಲಿ ಎಂದು ಉಸಿರು ಬಿಗಿಹಿಡಿದು ಒಂದು ಕಡೆ ನಿಂತಳು. ಅವು ಬಂದವು, ಮರಗಳ ನಡುವೆಯೇ ನಿಂತವು. ಮುಂದೆ ಇದ್ದದ್ದು ದೊಡ್ಡ ಕೋಡಿನ ಮುದಿ ಗಂಡು. ಮುಖದ ಗಾಂಭೀರ್ಯ ನೋಡಿ ಕಾಸ್ಪರ್ ಅದಕ್ಕೆ ಪಾದ್ರಿ ಎಂದು ಹೆಸರಿಟ್ಟಿದ್ದ. ಪಾದ್ರಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕಾಲನ್ನು ಹಿಮಕ್ಕೆ ಬಡಿದು ತಿರುಗಿ ಹೋಯಿತು. ಹಿಂದೆಯೇ ಇಡೀ ಹಿಂಡು ಹೋಯಿತು. ಮಾರನೆಯ ದಿನ ನೋಡಿದರೆ ಹುಲ್ಲು ಹಾಕಿದ ಹಾಗೇ ಇತ್ತು, ಮೇಲೆ ಹಿಮ ಕೂತಿತ್ತು.

ಅಲ್ಲಿ ನೀನು ಏನು ಮಾಡುತ್ತೀಯ ಎಂದು ಅವಳು ಗಂಡನನ್ನು ಕೇಳಿದಳು. ಏನೋ ನಾಲ್ಕು ಮಾತಾಡುತ್ತೇನೆ ಎಂದ. ಮಾತೇ, ನೀನೇ, ಎಂದು ಅವಳು ಬೆರಗಾದಳು. ಏನು ಮಾತು ಎಂದು ಒತ್ತಾಯಿಸಿದಾಗ ಅವನ ಕಿವಿ ಕೆಂಪಾಯಿತು. ಪ್ರಾರ್ಥನೆ ಎಂದ.

ಬುರ್ಗಿ ಹೋಗಿ ಕೈ ಜೋಡಿಸಿ ನಿಂತು ಗೊತ್ತಿದ್ದ ಪ್ರಾರ್ಥನೆಗಳನ್ನೆಲ್ಲ ಹೇಳಿದಳು. ಪಾದ್ರಿಗೆ ಅದು ಒಂದಿಷ್ಟೂ ಹಿಡಿಸಲಿಲ್ಲ.

ಸಂಜೆ ಪಕ್ಕದ ಕಾಡಿನ ಯಜಮಾನ ಉರ್ಬಾನ್ ಬಾಗಿಲು ಬಡಿದ. ಹಸಿದ ಜಿಂಕೆಗಳು ಅವನ ಎಳೆಯ ಪೈನ್ ಮರಗಳ ತೊಗಟೆ ಸುಲಿಯಲು ಶುರುಮಾಡಿದ್ದವು. ನಾಳೆಯೇ ನಾಯಿ ಬಿಟ್ಟು ಓಡಿಸುತ್ತೇನೆ ಎಂದ. ಎದೆಮಟ್ಟದ ಹಿಮದಲ್ಲಿ ಅಟ್ಟಿಸಿಕೊಂಡು ಓಡುವ ಜಿಂಕೆ ಓಡಿಯೇ ಸಾಯುತ್ತದೆ. ಅದು ಉರ್ಬಾನನಿಗೂ ಗೊತ್ತಿದ್ದರಿಂದ ತಲೆ ಎತ್ತದೆ ಬೂಟು ನೋಡಿಕೊಂಡೇ ಮಾತಾಡಿದ. ಒಂದು ಸಲ, ನಾಳೆ ಮಧ್ಯಾಹ್ನದವರೆಗೆ ತಡಿ ಎಂದು ಬುರ್ಗಿ ಬೇಡಿಕೊಂಡು ಕಳಿಸಿದಳು.

ಅವನು ಹೋದಮೇಲೆ ಕಾಸ್ಪರ್ ಕಟ್ಟು ಹಾಕಿದ ಕಾಲನ್ನು ದಿಟ್ಟಿಸುತ್ತ ಕೂತ. ಕಣ್ಣು ತುಂಬಿತ್ತು. ಮದುವೆಯಾದಾಗಿನಿಂದ ಬುರ್ಗಿ ಅದನ್ನು ನೋಡಿರಲಿಲ್ಲ.

"ಪ್ರಾರ್ಥನೆ ಅಲ್ಲ ಕಣೇ," ಎಂದ. "ನಿನಗೆ ಉತ್ತರ ಕೊಡ್ತೀನಿ."

"ನನಗೆ ಏನು ಉತ್ತರ?"

"ಬೆಳಿಗ್ಗೆ ನೀನು ಬೈದಿರ್ತೀಯಲ್ಲ, ಅದಕ್ಕೆ. ಇಲ್ಲಿ ಬಾಯಿಗೆ ಬರಲ್ಲ. ಗುಡ್ಡ ಹತ್ತೋ ಅಷ್ಟೊತ್ತಿಗೆ ಬರುತ್ತೆ."

ಆಮೇಲೆ ಒಂದೊಂದಾಗಿ ಎಲ್ಲ ಹೊರಬಿತ್ತು. ಹುಲ್ಲು ಹಾಕುತ್ತ, ಬಾನಿಯ ಮಂಜುಗಡ್ಡೆ ಒಡೆಯುತ್ತ, ಜಿಂಕೆಗಳ ಮುಖ ಕೂಡ ನೋಡದೆ ಅವನು ಗೊಣಗುತ್ತಲೇ ಇರುತ್ತಿದ್ದನಂತೆ. ಸದ್ದಿಲ್ಲದೆ ನಿಂತು ನೋಡುವ ಮನುಷ್ಯ ಎಂದರೆ ಜಿಂಕೆಗೆ ಬೇಟೆಗಾರ. ಹೆಂಡತಿಯ ಮೇಲೆ ಗೊಣಗಿಕೊಂಡು ಕೆಲಸ ಮಾಡುವವನಿಂದ ಏನೂ ಭಯವಿಲ್ಲ ಎಂದು ಅವು ಎಂದೋ ಕಂಡುಕೊಂಡಿದ್ದವು.

ಬುರ್ಗಿಗೆ ಸಿಟ್ಟು ಬಂತು, ಬರಲೇಬೇಕಿತ್ತು. ಇಷ್ಟು ವರ್ಷದ ತನ್ನ ಸಂಸಾರದ ಗುಟ್ಟೆಲ್ಲ ಕಾಡುಪ್ರಾಣಿಗಳ ಕಿವಿಗೆ ಬಿದ್ದಿದೆ ಎಂದರೆ ಯಾರಿಗೆ ತಾನೆ ಬರುವುದಿಲ್ಲ? ಆದರೆ ಆ ಸಿಟ್ಟಿನ ಬೆನ್ನಿಗೇ ನಗು ಬಂತು, ತಡೆಯಲಾಗಲಿಲ್ಲ. ಕುರ್ಚಿ ಎಳೆದು ಅವನ ಎದುರು ಕೂತಳು.

"ಹೇಳು, ಒಂದೂ ಬಿಡಬೇಡ," ಎಂದಳು. "ನನ್ನ ಮುಖಕ್ಕೇ ಹೇಳು."

ಮರುದಿನ ಬೆಳಿಗ್ಗೆ ಬುರ್ಗಿ ಕಾಡಿನ ಕಡೆ ಬೆನ್ನು ಹಾಕಿ, ಹುಲ್ಲು ಕೆದರುತ್ತ, ಗಂಡನ ದನಿಯಲ್ಲಿ ತನ್ನನ್ನೇ ಬೈಯತೊಡಗಿದಳು. "ಹೆಂಗಸಾ ಅವಳು, ಚರ್ಚಿನ ಗಂಟೆ. ಗಂಟೆಯಾದ್ರೂ ಊಟದ ಹೊತ್ತಿಗೆ ನಿಲ್ಲುತ್ತೆ. ಉಪ್ಪುಗಲ್ಲು ಬೇಕೇನ್ರಪ್ಪಾ ನಿಮಗೆ? ನಮ್ಮನೆ ಸಾರು ತಂದುಕೊಡ್ತೀನಿ, ನೆಕ್ಕಿ." ಹೇಳುತ್ತ ಹೇಳುತ್ತ ಅವಳಿಗೆ ರಂಗೇರಿತು. ಅವನ ಮಾತು ಮುಗಿದ ಕಡೆ ತನ್ನದನ್ನೂ ಸೇರಿಸಿದಳು. ಉಪ್ಪು ಜಾಸ್ತಿ ಅನ್ನುವವನು ಮೂರನೇ ಬಟ್ಟಲು ಯಾಕೆ ಹಾಕಿಸಿಕೊಳ್ಳುತ್ತಾನೆ ಎಂದು ಗೋದಲಿಯನ್ನೇ ಕೇಳಿದಳು.

ಬೆನ್ನ ಹಿಂದೆ ಕರಕರ ಅಗಿಯುವ ಸದ್ದು ಕೇಳಿಸಿತು. ಪಾದ್ರಿ ಸೇಬಿನ ಬಾನಿಗೆ ಮೂತಿ ಇಟ್ಟಿತ್ತು. ಅದರ ಹಿಂದೆ ಹೆಣ್ಣುಗಳು, ಮರಿಗಳು, ಮೂಗಿನಿಂದ ಹಬೆ ಬಿಡುತ್ತ ಬರುತ್ತಲೇ ಇದ್ದವು. ಬುರ್ಗಿಗೆ ಕುಣಿಯಬೇಕೆನಿಸಿತು. ಕುಣಿದರೆ ಕೆಟ್ಟಿತು ಎಂದು ಅಳುತ್ತ, ನಗುತ್ತ, ಬೈಯುತ್ತಲೇ ಹುಲ್ಲು ಹಾಕಿದಳು. ಮಧ್ಯಾಹ್ನ ನಾಯಿ ಹಿಡಿದು ಬಂದ ಉರ್ಬಾನ್ ಕೆಳಗಿನ ದಾರಿಯಲ್ಲೇ ನಿಂತು ನೋಡಿದ, ಟೋಪಿ ತೆಗೆದು ಕೈ ಬೀಸಿ, ನಾಯಿಯನ್ನು ಎಳೆದುಕೊಂಡು ಹೋದ.

ಅಂದಿನಿಂದ ಕಾಸ್ಪರನಿಗೆ ಬೇರೆ ದಾರಿಯಿರಲಿಲ್ಲ. ಬುರ್ಗಿ ದಿನಾ ಬೆಳಿಗ್ಗೆ ಕೋಟಿನ ಗುಂಡಿ ಹಾಕುತ್ತ ಅವನೆದುರು ನಿಲ್ಲುತ್ತಿದ್ದಳು, ಇವತ್ತೇನು ಹೇಳಲಿ ಎಂದು ಕೇಳುತ್ತಿದ್ದಳು. ಜಿಂಕೆಗಳ ಹೊಟ್ಟೆಯ ಪ್ರಶ್ನೆ ನೋಡಿ, ಅವನು ಬಾಯಿ ಬಿಡಲೇಬೇಕಾಯಿತು. ಮೊದಮೊದಲು ತಡವರಿಸಿದ, ವಾರ ಕಳೆಯುವಷ್ಟರಲ್ಲಿ ಕೆಲವನ್ನು ರಾತ್ರಿಯೇ ಯೋಚಿಸಿ ಇಟ್ಟುಕೊಳ್ಳತೊಡಗಿದ.

ಒಂದು ದಿನ ಮಾತ್ರ ಅವನು ತುಂಬ ಹೊತ್ತು ಕಿಟಕಿಯ ಕಡೆ ನೋಡುತ್ತ ಕೂತ. ಅವಳು ಅವಸರ ಮಾಡಿದಳು.

"ನೀನು ಗುಡ್ಡ ಹತ್ತಿ ಹೋದ್ಮೇಲೆ ಮನೆ ಬಿಕೋ ಅನ್ನುತ್ತೆ," ಎಂದ.

ಗುಂಡಿ ಹಾಕುತ್ತಿದ್ದ ಬುರ್ಗಿಯ ಕೈ ನಿಂತಿತು.

"ಇದು ಜಿಂಕೆಗೆ ಹೇಳೋದಾ?"

"ಅಲ್ಲ. ನಿನಗೇ."

 ಅವಳು ಅವನ ಹೊದಿಕೆಯನ್ನು ಕಾಲಿನ ಮೇಲೆ ಸರಿಯಾಗಿ ಎಳೆದು ಹಾಕಿದಳು.

"ಹಾಗಾದ್ರೆ ಇದು ನನ್ನ ಹತ್ರಾನೇ ಇರಲಿ," ಎಂದಳು. "ಜಿಂಕೆಗೆ ಬೇರೆ ಏನಾದ್ರೂ ಬೈದು ಕೊಡು, ಬೇಗ."